ಸರ್ಕಾರಕ್ಕೆ ಜಾಮೀನು ನಿಂತವನು

ಗಾಡಿ ಹೊಡೆಯುವ ಮಾಸ್ತಪ್ಪನ ಜೋಡಿ ಎತ್ತಿನಲ್ಲಿ ಒಂದು ಸತ್ತು ಹದಿನೈದು ದಿನವಾಗಿತ್ತು. ಒಂದೇ ಎತ್ತಿನವನಿಗೆ ಸಾಗರ ಪೇಟೆಯಲ್ಲಿ ಬಾಡಿಗೆ ಕೊಡುವವರಿಲ್ಲ. ಒಲೆ ಹೊತ್ತಿಸುವುದು ಒಪ್ಪೊತ್ತಿಗೆ ಇಳಿದಿತ್ತು. ಹೊಸನಗರದ ಚಂದ್ರಯ್ಯ ಒಂದು ಎತ್ತು ತಂದು ಖಜಾನೆಯ ಎದುರಿನ ಮರಕ್ಕೆ ಕಟ್ಟಿ ಕೂತಿದ್ದ. ನಾಲ್ಕು ಗಂಟೆಯೊಳಗೆ ನಾನೂರು ರೂಪಾಯಿ ಕೊಟ್ಟರೆ ಹಗ್ಗ ಮಾಸ್ತಪ್ಪನ ಕೈಗೆ. ಇಲ್ಲದಿದ್ದರೆ ಬೇರೆಯವರ ಕೈಗೆ.

ದುಡ್ಡು ಮಾಸ್ತಪ್ಪನ ಹತ್ತಿರ ಇರಲಿಲ್ಲ, ಸರ್ಕಾರದ ಹತ್ತಿರ ಇತ್ತು. ಐವತ್ತನಾಲ್ಕನೇ ಇಸವಿಯಲ್ಲಿ ಒಬ್ಬ ಸಾಹೇಬರು ಕೇರಿಗೆ ಬಂದು, ಅವನ ಕೊರಳಿಗೆ ಸೇವಂತಿಗೆ ಹಾರ ಹಾಕಿ, ದೇಶಕ್ಕೇ ಸಾಲ ಕೊಡುವ ಭಾಗ್ಯವಂತ ಎಂದು ಭಾಷಣ ಮಾಡಿ, ಮುನ್ನೂರು ರೂಪಾಯಿ ತೆಗೆದುಕೊಂಡು ಹತ್ತು ವರ್ಷದ ಸಾಲಪತ್ರ ಕೊಟ್ಟುಹೋಗಿದ್ದರು. ಹಾರ ಮರುದಿನವೇ ಬಾಡಿತ್ತು. ಪತ್ರದ ಅವಧಿ ಇವತ್ತು ಮುಗಿದಿತ್ತು. ಬಡ್ಡಿ ಸೇರಿ ಸರಿಯಾಗಿ ನಾನೂರು.

ಖಜಾನೆಯ ಕಿಟಕಿಯಲ್ಲಿ ಗುಮಾಸ್ತ ಮಹಾಗಣಪತಿ ಪತ್ರವನ್ನು ಬೆಳಕಿಗೆ ಹಿಡಿದ, ಮಗುಚಿದ, ಹಲಸಿನ ಹಣ್ಣು ಕೊಳ್ಳುವವನಂತೆ ಮೂಸಿಯೂ ನೋಡಿದ.

"ಪತ್ರ ಸರಿ ಇದೆ. ದುಡ್ಡಿಲ್ಲ."

"ಸರ್ಕಾರದ ಹತ್ರ ದುಡ್ಡಿಲ್ಲ ಅಂದ್ರೆ ಎಂತ ಸ್ವಾಮಿ?"

"ಇವತ್ತು ಪೆಟ್ಟಿಗೆ ಖಾಲಿ. ಯಾರಾದ್ರೂ ಹೊಸ ಸಾಲಪತ್ರ ತಗೊಂಡ್ರೆ ಆ ದುಡ್ಡು ನಿನಗೆ."

"ಅವರಿಗೆ?"

"ಅವರ ನಂತರ ಬಂದವರದ್ದು."

"ಕಡೆಗೆ ಬಂದವನಿಗೆ?"

ಗುಮಾಸ್ತ ಕನ್ನಡಕ ತೆಗೆದ. "ಕಡೆಯವ ಅಂತ ಯಾರೂ ಇರೋದಿಲ್ಲ ಮಾರಾಯ. ಅದಕ್ಕೇ ಸರ್ಕಾರ ಅನ್ನೋದು."

"ನಾನು ಹೀಂಗೆ ಮಾಡಿದ್ರೆ ಕೇರಿಯಲ್ಲಿ ಕಳ್ಳ ಅಂತಿದ್ರು!"

"ನಿನ್ನ ಹತ್ರ ಮೊಹರು ಇಲ್ಲವಲ್ಲ."

ಮಾಸ್ತಪ್ಪ ಆ ಮೊಹರಿಗೂ, ಅದನ್ನು ಮಾಡಿದ ಆಚಾರಿಗೂ, ಆಚಾರಿಯ ತಾತನಿಗೂ ಬೈದ. ಕಂದಾಯ ಒಂದು ದಿನ ತಡವಾದರೆ ಮನೆಯ ಚೊಂಬು ಎತ್ತಿಕೊಂಡು ಹೋಗುವವರು ತಾವು ಕೊಡಬೇಕಾದ ದಿನ ಹೀಗೆ ಕನ್ನಡಕ ಒರೆಸುತ್ತಾರೆ! ಜೊತೆಗೆ ಬಂದಿದ್ದ ಪಕ್ಕದ ಮನೆಯ ಬೆಳ್ಳಪ್ಪನಿಗೆ ಪರರ ಕಷ್ಟವೆಂದರೆ ಬಯಲಾಟದಷ್ಟು ಇಷ್ಟ. ಅವನು ತೋಳು ಹಿಡಿದು ಎಳೆದ.

"ಬೈದ್ರೆ ಎತ್ತು ಬರ್ತದಾ? ಅಲ್ಲಿ ನೋಡು."

ಜಗಲಿಯಲ್ಲಿ ಬಂಗಾರಮ್ಮ ಕೂತಿದ್ದಳು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಗದ್ದೆ ಹೋಗಿತ್ತು. ಪರಿಹಾರದ ಕೊನೆಯ ಕಂತು ನಾನೂರು ರೂಪಾಯಿ ಆಗಷ್ಟೇ ಪಕ್ಕದ ಕಚೇರಿಯಲ್ಲಿ ಕೈಗೆ ಬಂದಿತ್ತು. ಬೆಳಗಿನಿಂದ ಮೂರು ಜನ ಗುಮಾಸ್ತರು ಸಾಲಪತ್ರ ತಗೋ ಎಂದು ಅವಳ ಬೆನ್ನು ಬಿದ್ದಿದ್ದರು.

"ಗದ್ದೆ ತಗೊಂಡು ದುಡ್ಡು ಕೊಟ್ರು. ಈಗ ಆ ದುಡ್ಡೂ ಕೊಡು ಅಂತಾರೆ," ಎಂದಳು ಬಂಗಾರಮ್ಮ. "ಇನ್ನು ಉಟ್ಟ ಸೀರೆಯೊಂದು ಬಾಕಿ."

ಮೂರೂಮುಕ್ಕಾಲು. ಮರದ ಕೆಳಗೆ ಚಂದ್ರಯ್ಯ ಎದ್ದು ಪಂಚೆ ಕೊಡವುತ್ತಿದ್ದ. ಅಷ್ಟು ಹೊತ್ತು ಬೈದ ಬಾಯಿಂದಲೇ ಮಾಸ್ತಪ್ಪ ಜೇನು ಸುರಿಸತೊಡಗಿದ.

"ಬಂಗಾರಕ್ಕಾ, ಸರ್ಕಾರ ಒಂದು ಕಾಸೂ ಮುಳುಗಿಸೋದಿಲ್ಲ."

"ಊರನ್ನೇ ಮುಳುಗಿಸ್ತಲ್ಲ ತಮಾ!"

"ಅದು ನೀರು, ಇದು ಬಡ್ಡಿ! ನನ್ನ ಪತ್ರ ನೋಡು. ಇವತ್ತೇ ತೀರಿಸ್ತಾ ಇದ್ದಾರೆ."

"ನೀ ಜಾಮೀನು ನಿಲ್ತೀಯಾ?"

ಆ ಸೀಮೆಯಲ್ಲಿ ಬಾಯಲ್ಲಿ ಆಡಿದ ಜಾಮೀನು ಬರೆದ ಪತ್ರಕ್ಕಿಂತ ಭಾರ. ತಪ್ಪಿದವನ ಮನೆಗೆ ಯಾರೂ ಬೆಂಕಿ ಕೊಡುವುದಿಲ್ಲ. ಮಾಸ್ತಪ್ಪ ಖಜಾನೆಯ ಗೋಡೆ ಗಡಿಯಾರ ನೋಡಿದ.

"ನಿಂತೆ."

ಬಂಗಾರಮ್ಮ ಹೆಬ್ಬೆಟ್ಟು ಒತ್ತಿದಳು. ಗುಮಾಸ್ತ ಬಲಗೈಯಿಂದ ತೆಗೆದುಕೊಂಡ ನೋಟುಗಳನ್ನು ಎಡಗೈಯಿಂದ ಮಾಸ್ತಪ್ಪನಿಗೆ ಕೊಟ್ಟ. ಪೆಟ್ಟಿಗೆಯ ಮುಚ್ಚಳ ತೆಗೆಯುವ ಶ್ರಮವೂ ಬೀಳಲಿಲ್ಲ.

ಮಾಸ್ತಪ್ಪ ಮೆಟ್ಟಿಲಿಳಿಯುವಾಗ ಎದುರಿಗೆ ಬಂಗಾರಮ್ಮನ ಅಳಿಯ ಜಟ್ಟಿಂಗಪ್ಪ ಬಂದ. ನಾಟಾ, ಮರದ ದಿಮ್ಮಿ ಎತ್ತುವ ಆಳು. ತೋಳು ನೋಡಿದರೆ ನಾಟಾವೇ ಅವನನ್ನು ಕಂಡು ಹೆದರಬೇಕು. ಅತ್ತೆ ಜಗಲಿಯಿಂದಲೇ ಪತ್ರದ ಸಂಗತಿ, ಜಾಮೀನಿನ ಸಂಗತಿ ಎರಡನ್ನೂ ಹೇಳಿದಳು.

"ಹತ್ತು ವರ್ಷಕ್ಕಾ? ಅತ್ತೆಗೆ ಈಗಲೇ ಎಪ್ಪತ್ತೆರಡು! ತೀರ್ಥಹಳ್ಳಿಯಲ್ಲಿ ಮನೆ ಜಾಗಕ್ಕೆ ನಾಳೆ ಮುಂಗಡ ಕೊಡಬೇಕು!" ಎಂದು ಕಿಟಕಿಗೆ ನುಗ್ಗಿದ. ಅವಧಿಗೆ ಮೊದಲು ಕೊಡುವ ಕ್ರಮವಿಲ್ಲ ಎಂಬ ಉತ್ತರ ಪಡೆದು ಅಷ್ಟೇ ವೇಗದಲ್ಲಿ ಮಾಸ್ತಪ್ಪನ ಕಡೆ ತಿರುಗಿದ.

"ಸಾಲ ತಗೊಂಡವ ಕೊಡದಿದ್ರೆ ಜಾಮೀನು ನಿಂತವ ಕೊಡಬೇಕು. ನೀ ನಿಂತದ್ದು ಹೌದಾ ಅಲ್ದಾ?"

"ಹೌದು, ನಾನೇ ಕಿವಿಯಾರೆ ಕೇಳಿದ್ದೆ," ಎಂದ ಬೆಳ್ಳಪ್ಪ. ಅವನನ್ನು ಯಾರೂ ಕೇಳಿರಲಿಲ್ಲ.

ನೋಟುಗಳು ಜಟ್ಟಿಂಗಪ್ಪನ ಕೈ ಸೇರಿದವು. ಬಂಗಾರಮ್ಮ ನ್ಯಾಯವಂತೆ. ಹೊಸ ಸಾಲಪತ್ರವನ್ನು ಮಾಸ್ತಪ್ಪನ ಜೇಬಿಗೆ ತುರುಕಿದಳು. "ನಿಂದೇ ಇಟ್ಕೋ ತಮಾ. ನಂಗೆ ಋಣ ಬೇಡ."

ನಾಲ್ಕು ಹೊಡೆಯಿತು. ಚಂದ್ರಯ್ಯ ಹಗ್ಗ ಬಿಚ್ಚಿಕೊಂಡು ಹೊರಟೇ ಹೋದ.

ಮಾಸ್ತಪ್ಪ ಕಿಟಕಿಗೆ ಮರಳಿ ಪತ್ರವನ್ನು ಹಲಗೆಯ ಮೇಲೆ ಅಪ್ಪಳಿಸಿದ. "ಇದನ್ನ ನನ್ನ ಹೆಸರಿಗೆ ಮಾಡಿ! ಎಪ್ಪತ್ನಾಲ್ಕರಲ್ಲಿ ಬರ್ತೀನಿ, ಬಾರುಕೋಲು ಹಿಡ್ಕೊಂಡೇ ಬರ್ತೀನಿ!"

"ಮಾಡೋಣ," ಎಂದ ಗುಮಾಸ್ತ, ಬಹಳ ಮೃದುವಾಗಿ. "ಹೆಸರು ಬದಲಾಯಿಸೋಕೆ ಬಂದವರು ಐವತ್ತು ರೂಪಾಯಿಯ ಹೊಸ ಸಾಲಪತ್ರ ತಗೋಬೇಕು. ಮೇಲಿನವರ ಆಜ್ಞೆ. ಬೇಗ ತೆಗಿ, ನಿನ್ನ ಹಿಂದೆ ನಿಂತಿರೋರ ಐವತ್ತು ರೂಪಾಯಿ ಪತ್ರದ ಅವಧಿಯೂ ಇವತ್ತೇ ಮುಗಿದಿದೆ."

ಮಾಸ್ತಪ್ಪ ತಿರುಗಿ ನೋಡಿದ. ಗುರುತಿಲ್ಲದ ಮನುಷ್ಯನೊಬ್ಬ ಒಡಹುಟ್ಟಿದವನನ್ನು ಕಂಡಂತೆ ಅವನನ್ನೇ ನೋಡಿ ನಗುತ್ತಿದ್ದ.