ಲಿನ್ನವ್ವನ ಕಾಲಿಗೆ ಬಿದ್ದ ಶಾವಿಗೆಯ ಗಂಟು

“ನಮ್ಮ ಶಾಂಘಾಯಿನ್ಯಾಗ ಮುಂಜಾನೆ ಐದಕ್ಕ ಮುದುಕ್ರೆಲ್ಲಾ ಎದ್ದು ತೋಟಕ್ಕ ಹೋಗ್ತಾರವ್ವ. ಒಬ್ಬಾಂವ ಹಿಂದಹಿಂದಕ್ಕ ನಡೀತಾನ. ಒಬ್ಬಾಕಿ ಬೀಸಣಿಗಿ ಹಿಡ್ಕೊಂಡು ಕುಣೀತಾಳ. ಇನ್ನೊಬ್ಬಾಂವ ಪಂಜರದಾಗಿನ ಹಕ್ಕಿ ತಂದು ಗಿಡಕ್ಕ ತೂಗುಹಾಕಿ ಅದರ ಕೂಡ ಮಾತಾಡ್ಕೋತ ಕುಂದರ್ತಾನ. ನಾ ಇದ್ದ ಓಣ್ಯಾಗ ಆರು ಮನಿಗೆ ಒಂದ ಅಡಗಿಮನಿ ಇತ್ತು. ಯಾರ ಮನ್ಯಾಗ ಏನ ಬೇಯಾಕತ್ತೈತಿ ಅಂತ ಕೇಳೂದ ಬ್ಯಾಡ, ಮೂಗ ಹೇಳ್ತಿತ್ತು. ಈಗ ಆ ಓಣಿ ಇಲ್ಲ. ಅಲ್ಲಿ ಮೂವತ್ತು ಮಾಳಿಗಿ ಕಟ್ಟಡ ನಿಂತೈತಂತ, ನೆಲದ ಕೆಳಗ ರೈಲು ಓಡ್ತೈತಂತ. ನಮ್ಮಕ್ಕ ಅದರ ಹದಿನೆಂಟನೇ ಮಾಳಿಗ್ಯಾಗ ಕುಂತು ದಿನಾ ಟೀವಿ ನೋಡ್ತಾಳ.

“ನಾ ಇಪ್ಪತ್ತೆಂಟು ವರ್ಷ ರೈಲಿನ್ಯಾಗ ಮೈಕು ಹಿಡದಾಕಿ. ನಮ್ಮ ದೂರದ ರೈಲಿನ್ಯಾಗ ಮಂದಿಗೆ ಸುದ್ದಿ ಹೇಳಾಕಂತನ ಒಬ್ರು ಇರ್ತಾರ. ಕುದಿಯೂ ನೀರು ತಯಾರೈತಿ, ಗ್ಲಾಸು ತಗೊಂಡು ಬರ್ರಿ. ಬೀಜ ತಿಂದು ಸಿಪ್ಪಿ ನೆಲಕ್ಕ ಉಗುಳಬ್ಯಾಡ್ರಿ. ಮುಂದಿನ ಸ್ಟೇಷನ್ ಬಂತು, ಇಳಿಯಾವ್ರು ಇಳೀರಿ. ಹೊಸ ವರ್ಷದ ಹಬ್ಬ ಬಂತಂದ್ರ ಇಡೀ ದೇಶ ಗಂಟು ಕಟ್ಕೊಂಡು ರೈಲು ಹತ್ತತೈತಿ. ಸೀಟು ಸಿಗದಾವ್ರು ಎರಡು ದಿನ ನಿಂತ ಹೋಗ್ತಾರ. ಪ್ಲಾಟ್‌ಫಾರ್ಮಿನ್ಯಾಗ ಅವ್ವಗೋಳು ಮಕ್ಕಳಿಗೆ ಕಡಬು ತಿನ್ನಿಸಿ ಹತ್ತಸ್ತಾರ. ಹೊರಡುಮುಂದ ಕಡಬು, ಬಂದಿಳಿದ ಮ್ಯಾಲೆ ಶಾವಿಗಿ. ಶಾವಿಗಿ ಉದ್ದ ಇರ್ತೈತಲ್ಲ, ಅದು ಕಾಲಿಗೆ ಗಂಟು ಹಾಕಿ ಮನ್ಯಾಗ ಕುಂದರಸ್ತೈತಿ. ಹೊರಟಾವ್ರು ಶಾವಿಗಿ ತಿಂದ್ರ ಅವರ ದಾರಿ ಸಾಗೂದಿಲ್ಲ ಅಂತಾರ. ಆದ್ರ...”

ಇಲ್ಲಿಗೆ ನಮ್ಮ ಮನೆಯ ಕುಕ್ಕರು ಕೂಗಿತು. ನಾನು ಎದ್ದು ಹೋದೆ.

ಇಷ್ಟು ಮಾತು ನನ್ನ ಕಿವಿಗೆ ಬಂದದ್ದು ಮೂರು ಬಾಯಿ ದಾಟಿ. ಹೇಳಿದವಳು ನಮ್ಮ ಎದುರು ಬಾಗಿಲಿನ ಲಿನ್ನವ್ವ. ಅವಳ ಹೆಸರು ಬರೀ ಲಿನ್, ಅವ್ವ ಎಂದು ಸೇರಿಸಿದವಳು ನಾನು. ಅವಳು ಚೀನಾ ಭಾಷೆಯಲ್ಲಿ ಹೇಳುತ್ತಿದ್ದಳು, ಅವಳ ಮಗಳು ಯುನ್ ಅದನ್ನು ಇಂಗ್ಲಿಷು ಮಾಡುತ್ತಿದ್ದಳು, ನನ್ನ ಸೊಸೆ ಜಯಶೀಲಾ ಅದನ್ನು ನಮ್ಮ ಗದಗಿನ ಕಡೆಯ ಕನ್ನಡ ಮಾಡಿ ನನ್ನ ಕಿವಿಗೆ ಸುರಿಯುತ್ತಿದ್ದಳು. ನಾವು ವಲಸೆ ಬಂದ ಹಿಮದ ದೇಶದಲ್ಲಿ, ನಾರ್ತ್ ಯಾರ್ಕಿನ ಕಟ್ಟಡವೊಂದರ ಹನ್ನೊಂದನೆಯ ಮಾಳಿಗೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಹೀಗೆ ನಮ್ಮ ನಾಲ್ವರ ಸಭೆ ಸೇರುತ್ತಿತ್ತು. ಚಹಾ ನಮ್ಮದು, ಹುರಿದ ಸೂರ್ಯಕಾಂತಿ ಬೀಜ ಅವರದು.

ನನಗೆ ಶಾಲೆ ಮೂರನೆಯ ಇಯತ್ತೆಗೆ ಮುಗಿಯಿತು. ಆದರೆ ಕಿವಿ ಮುಗಿಯಲಿಲ್ಲ. ಒಮ್ಮೆ ಕೇಳಿದ್ದನ್ನು ಮರೆತವಳಲ್ಲ ನಾನು ಎಂದು ಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಆ ಸಲವೂ ಹೇಳಿಕೊಂಡೆ. ಅಲ್ಲಿಂದಲೇ ಕಥೆ ಕೆಟ್ಟಿತು.

ಲಿನ್ನವ್ವ ಎಂಟು ವರ್ಷದ ಮೇಲೆ ತನ್ನ ಊರಿಗೆ ಹೊರಟಿದ್ದಳು. ಅವಳ ಅಕ್ಕನಿಗೆ ಎಂಬತ್ತು. “ಈ ಹಬ್ಬದ ಊಟಕ್ಕ ನೀ ಬರಲಿಲ್ಲಂದ್ರ ಮುಂದಿನ ಹಬ್ಬಕ್ಕ ನಾ ಇರ್ತೀನೋ ಇಲ್ಲೋ” ಎಂದು ಅಕ್ಕ ಫೋನಿನಲ್ಲಿ ಅಂದಿದ್ದಳಂತೆ. ವಿಮಾನದಲ್ಲಿ ಸಿಕ್ಕದ್ದು ಒಂದೇ ಸೀಟು. ಅದು ತಪ್ಪಿದರೆ ಮುಂದಿನದು ಹದಿನೈದು ದಿನಕ್ಕೆ, ಅಂದರೆ ಹಬ್ಬದ ಊಟ ಮುಗಿದ ಮೇಲೆ.

ಆ ಲಿನ್ನವ್ವನ ಉಪಕಾರ ನನ್ನ ಮೇಲೆ ಎಷ್ಟಿತ್ತೆಂದು ಹೇಳಲಿ? ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಬಾಗಿಲು ದಾಟಲು ಹೆದರಿ ಕೂತಿದ್ದೆ. ನನ್ನ ಕೈ ಹಿಡಿದು ನೆಲದಡಿಯ ರೈಲಿಗೆ ಇಳಿಸಿದವಳು ಅವಳು. ಸ್ಟೇಷನ್ನಿನ ಹೆಸರು ಓದಲು ನನಗೂ ಬಾರದು, ಅವಳಿಗೂ ಸರಿಯಾಗಿ ಬಾರದು. ಬೆರಳು ಮಡಚಿ ಎಣಿಸುವುದನ್ನು ಕಲಿಸಿದಳು. ನಾಲ್ಕು ಬೆರಳಾದರೆ ಇಂಗ್ಲಿಷ್ ಕ್ಲಾಸು, ಆರಾದರೆ ತರಕಾರಿ ಅಂಗಡಿ. ನನಗೆ ಜ್ವರ ಬಂದಾಗ ಥರ್ಮಾಸಿನಲ್ಲಿ ಬಿಸಿನೀರು ತಂದು ಮೂರು ದಿನ ಪಕ್ಕದಲ್ಲೇ ಕೂತಿದ್ದಳು. ಇಬ್ಬರ ನಡುವೆ ಇದ್ದದ್ದು ಇಪ್ಪತ್ತು ಇಂಗ್ಲಿಷ್ ಶಬ್ದ, ಅದರಲ್ಲಿ ಆರು ತರಕಾರಿ ಹೆಸರು. ಅಷ್ಟರಲ್ಲೇ ನಾವು ಎಲ್ಲ ಮಾತಾಡಿದ್ದೆವು.

“ಲಿನ್ನವ್ವಗ ಕಡಬು ತಿನ್ನಿಸಿ ಕಳಸದಿದ್ರ ನನ್ನ ಹೆಸರು ಶಾರದವ್ವನ ಅಲ್ಲ” ಎಂದೆ ನಮ್ಮವರಿಗೆ.

ನಮ್ಮವರು, ಅಂದರೆ ಗದಿಗೆಪ್ಪನವರು, ಪೇಪರಿನಿಂದ ತಲೆ ಎತ್ತಲಿಲ್ಲ. “ಹೆಸರು ಬದ್ಲಿ ಮಾಡಾಕ ಈ ದೇಶದಾಗ ಬಾಳ ಫಾರ್ಮು ತುಂಬಬೇಕು. ಅದಕ್ಕಿಂತ ಕಡಬ ಮಾಡೂದು ಸಸಾರ.”

“ಕುದಿಸಿದ ಕಡಬು ದಾರ್ಯಾಗ ಕೆಡ್ತಾವು. ಕರಿಗಡಬ ಮಾಡ್ತೀನಿ.”

“ಮಾಡು. ಕರಿಯುಮುಂದ ಕಾರಿಡಾರ್ ಬಾಗಲಾ ಮಾತ್ರ ತೆಗೀಬ್ಯಾಡ. ಜಯಶೀಲಾ ನೂರು ಸಲ ಹೇಳ್ಯಾಳ.”

“ಕೇಳೇನ್ರಿ. ನನ್ನ ಕಿವಿ ನೆಟ್ಟಗದಾವು.”

ಅದು 2002ರ ಜನವರಿಯ ಕೊನೆಯ ಮಂಗಳವಾರವೋ ಬುಧವಾರವೋ ಇರಬೇಕು. ನನ್ನ ಯೋಜನೆ ದಂಡಯಾತ್ರೆಗೆ ಹೊರಟ ರಾಜರದಕ್ಕಿಂತ ಕಡಿಮೆಯಿರಲಿಲ್ಲ. ಹಿಂದಿನ ದಿನವೇ ಹೂರಣ ಅರೆದು ಇಟ್ಟಿದ್ದೆ. ಬೆಳಗ್ಗೆ ಕಣಕ ನಾದಿದೆ. ಒಂಬತ್ತಕ್ಕೆ ಕರಿಯುವುದು, ಹತ್ತಕ್ಕೆ ಡಬ್ಬಿ ತುಂಬುವುದು, ಹತ್ತೂವರೆಗೆ ಅವಳು ಹೊರಡುವಾಗ ಬಾಗಿಲಲ್ಲಿ ನಿಂತು ಬಾಯಿಗಿಡುವುದು. ಅಲ್ಲಿಯ ತನಕ ಅವಳಿಗೆ ಗೊತ್ತಾಗಬಾರದು.

ಎಂಟೂವರೆಗೆ ಬಾಗಿಲು ಬಡಿಯಿತು. ಹೊಸ ಕೆಂಪು ಸ್ಕಾರ್ಫು ಕಟ್ಟಿಕೊಂಡು ಲಿನ್ನವ್ವ ನಿಂತಿದ್ದಳು. ಸಮಾಧಾನವಾಗಿ ವಿದಾಯ ಹೇಳೋಣವೆಂದು ಮುಂಚೆಯೇ ಬಂದಿದ್ದಳು.

ಓದುವವರೇ ಹೇಳಿ, ದೂರ ಹೊರಟವರು ಮನೆ ಮೆಟ್ಟಿಲು ತುಳಿದರೆ ನಮ್ಮ ಕಡೆಯ ಹೆಂಗಸಿನ ಕೈ ಸುಮ್ಮನಿರುತ್ತದೆಯೇ? ತಲೆಗೆ ಸುದ್ದಿ ಮುಟ್ಟುವ ಮೊದಲೇ ಕೈ ತಟ್ಟೆಗೆ ಹೋಗಿರುತ್ತದೆ. ಜಯಶೀಲಾ ಆಫೀಸಿಗೆ ಹೋಗುವ ಮೊದಲು ಬಿಸಿಬಿಸಿ ಉಪ್ಪಿಟ್ಟು ಮಾಡಿಟ್ಟಿದ್ದಳು. ಒಂದು ತಟ್ಟೆ ಹಾಕಿಕೊಟ್ಟೆ.

“ಗುಡ್, ಗುಡ್” ಎಂದಳು ಲಿನ್ನವ್ವ. ತಟ್ಟೆ ಖಾಲಿಯಾಯಿತು.

“ಈಟ್, ಈಟ್” ಎಂದೆ. ಇನ್ನೊಂದು ಸೌಟು ಬಿತ್ತು.

ಅವಳು ಎರಡೂ ಕೈ ಅಡ್ಡ ಹಿಡಿದಳು. ನಾನು ಆ ಕೈಗಳ ಸಂದಿಯಿಂದಲೇ ಮೂರನೆಯ ಸೌಟು ಇಳಿಸಿದೆ. ಅಡ್ಡ ಹಿಡಿದ ಕೈ ದಾಟಿ ಬಡಿಸಲು ಬಾರದಿದ್ದರೆ ನಲವತ್ತೈದು ವರ್ಷ ಸಂಸಾರ ಮಾಡಿ ಏನು ಬಂತು? ಪಾಪ, ಅವಳು ಅದನ್ನೂ ತಿಂದು ಮುಗಿಸಿ, ನನ್ನ ಕೆನ್ನೆ ತಟ್ಟಿ, ಸೂಟ್‌ಕೇಸ್ ಮುಚ್ಚಲು ತನ್ನ ಮನೆಗೆ ಹೋದಳು.

ನಮ್ಮವರು ತಮ್ಮ ತಟ್ಟೆ ನೋಡುತ್ತ ಕೂತಿದ್ದರು. “ಶಾರದಾ, ಇದು ಶಾವಿಗಿ ಉಪ್ಪಿಟ್ಟಲ್ಲ?”

“ಹೌದ್ರಿ. ಕಣ್ಣ ಕಾಣವಲ್ಲವೇನ?”

“ನನಗ ಕಾಣ್ತಾವು. ನಿನ್ನಿ ತನಕಾ ಶಾವಿಗಿ ಕಾಲಿಗೆ ಗಂಟು ಹಾಕತೈತಿ ಅಂತ ನನಗ ಪುರಾಣ ಹೇಳಿದಿ. ಇವತ್ತ ನೀನ ಮೂರು ಗಂಟ ಹಾಕಿ ಕಳಿಸಿದಿ.”

ನಾನು ಅಲ್ಲೇ ಕುಕ್ಕರಿಸಿ ಕೂತೆ. ಸೌಟು ಇನ್ನೂ ಕೈಯಲ್ಲೇ ಇತ್ತು.

“ಏನೂ ಆಗೂದಿಲ್ಲೇಳು” ಎಂದು ಅವರು ಹೇಳುತ್ತಿರುವಾಗಲೇ ಎದುರಿನ ಬಾಗಿಲು ಧಡ್ಡೆಂದಿತು. ಯುನ್ ಕಾರಿನ ಕೀಲಿ ಹಿಡಿದು ಓಡಿಬಂದಳು. ನಮ್ಮವರು ಅವಳ ಇಂಗ್ಲಿಷು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ಕಾರು ಚಾಲೂ ಆಗವಲ್ದಂತ. ಚಳಿಗೆ ಬ್ಯಾಟರಿ ಸತ್ತೈತಿ. ಟ್ಯಾಕ್ಸಿ ಕರದಾಳಂತ.” ಆಮೇಲೆ ಮೆಲ್ಲಗೆ ಸೇರಿಸಿದರು, “ಒಂದನೇ ಗಂಟು.”

ಇನ್ನು ತಡೆದರೆ ಉಳಿಗಾಲವಿಲ್ಲ. ಹಾಕಿದ ಗಂಟು ಬಿಚ್ಚಲು ಇದ್ದದ್ದು ಒಂದೇ ಔಷಧ, ಕಡಬು. ಒಲೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಎಣ್ಣೆ ಕಾಯಲಿ ಎಂದು ಬಿಟ್ಟು ಕಡಬು ಲಟ್ಟಿಸತೊಡಗಿದೆ. ಮೊದಲ ನಾಲ್ಕು ಚಿನ್ನದಂತೆ ಎದ್ದವು. ಎರಡನೆಯ ಸುತ್ತಿನಲ್ಲಿ ಒಂದು ಕಡಬು ಬಾಯಿ ಬಿಟ್ಟು ಹೂರಣವೆಲ್ಲ ಎಣ್ಣೆಗೆ ಬಿತ್ತು. ಬೆಲ್ಲ ಎಣ್ಣೆಯಲ್ಲಿ ಸುಟ್ಟರೆ ಏನಾಗುತ್ತದೆಂದು ಬಲ್ಲವರು ಬಲ್ಲರು. ಎರಡು ನಿಮಿಷದಲ್ಲಿ ನಮ್ಮವರು ಎಲ್ಲಿದ್ದಾರೆಂದು ಅವರ ಕೆಮ್ಮಿನಿಂದ ತಿಳಿಯಬೇಕಾಯಿತು.

“ಬಾಲ್ಕನಿ ಬಾಗಲಾ ತಗಿಯ!”

ಎಳೆದೆ. ಹಿಮ ಬಿದ್ದು ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಮೇಲಿನ ಹೊಗೆಗಂಟೆ ಕಿರುಚತೊಡಗಿತು. ಹೊಗೆ ಹೋಗಲಿ ಎಂದು ನಾನು ಓಡಿಹೋಗಿ ಎದುರಿಗೆ ಸಿಕ್ಕ ಬಾಗಿಲು ತೆರೆದೆ.

ಅದು ಕಾರಿಡಾರಿನ ಬಾಗಿಲು.

ಮನೆಯೊಳಗಿನ ಗಂಟೆ ಕೂಗಿದರೆ ಮನೆಯವರಿಗಷ್ಟೇ ಕೇಳುತ್ತದೆ. ಕಾರಿಡಾರಿಗೆ ಹೊಗೆ ಹೋದರೆ ಇಡೀ ಕಟ್ಟಡದ ಗಂಟೆ ಬಾರಿಸುತ್ತದೆ, ಲಿಫ್ಟುಗಳು ತಾವಾಗಿಯೇ ಕೆಳಗಿಳಿದು ನಿಂತುಬಿಡುತ್ತವೆ. ಇದೇ ಮಾತನ್ನು ನನ್ನ ಸೊಸೆ ನೂರು ಸಲ ಹೇಳಿದ್ದಳು, ನಾನು ನೂರು ಸಲವೂ ಕೇಳಿದ್ದೆ.

ಹದಿನೆಂಟು ಮಾಳಿಗೆಯ ಜನ ಮೆಟ್ಟಿಲಿಗೆ ಬಂದರು. ಪೈಜಾಮದವರು, ತಲೆಗೆ ಟವೆಲು ಸುತ್ತಿದವರು, ಬೆಕ್ಕಿನ ಬುಟ್ಟಿ ಹಿಡಿದವರು. ನಾನು ಒಲೆ ಆರಿಸಿ, ಸೀರೆಯ ಮೇಲೆ ಮಗನ ಜಾಕೀಟು ತೊಟ್ಟು, ನಾಲ್ಕು ಕಡಬಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದೆ. ಮುಂದೆ ಲಿನ್ನವ್ವ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಅಕ್ಕನಿಗೆಂದು ಜಿನ್ಸೆಂಗ್ ಬೇರು, ವಿಟಮಿನ್ ಬಾಟಲಿ ತುಂಬಿದ ಅವಳ ಸೂಟ್‌ಕೇಸು ಹನ್ನೊಂದನೆಯ ಮಾಳಿಗೆಯಲ್ಲೇ ಉಳಿಯಿತು. ಅದು ಎರಡನೆಯ ಗಂಟು.

ಹೊರಗೆ ಮೊಣಕಾಲುದ್ದ ಹಿಮ. ಬೆಂಕಿ ಆರಿಸುವವರ ಕೆಂಪು ಗಾಡಿ ಬಂದು ಗೇಟಿಗೆ ಅಡ್ಡವಾಗಿ ನಿಂತಿತು. ಅದರ ಹಿಂದೆ ಬಂದ ಟ್ಯಾಕ್ಸಿಗೆ ಒಳಗೆ ಬರಲು ದಾರಿಯಿಲ್ಲ. ನಮ್ಮವರು ನನ್ನನ್ನು ನೋಡಿದರು. ಮೂರು ಬೆರಳು ತೋರಿಸಿದರು.

ಲಿನ್ನವ್ವ ಕೈಗಡಿಯಾರ ನೋಡಿದಳು. ಮತ್ತೆ ನೋಡಿದಳು. ಎಂಬತ್ತರ ಅಕ್ಕ ಆ ಹೊತ್ತಿಗೆ ಶಾಂಘಾಯಿಯ ಹದಿನೆಂಟನೆಯ ಮಾಳಿಗೆಯಲ್ಲಿ ತಂಗಿಗಾಗಿ ಹಾಸಿಗೆ ಹಾಸುತ್ತಿರಬಹುದು. ಡಬ್ಬಿ ತೆರೆದು ಅವಳ ಮುಂದೆ ಹಿಡಿದೆ.

“ಈಟ್” ಎಂದೆ. ಕಣ್ಣಲ್ಲಿ ನೀರು ಬಂದು ಅಲ್ಲೇ ತಣ್ಣಗಾಗುತ್ತಿತ್ತು. “ಮೈ ಶಾವಿಗಿ, ಯುವರ್ ಲೆಗ್, ಕ್ಲೋಸ್. ದಿಸ್ ಈಟ್. ಲೆಗ್ ಓಪನ್.”

ಅವಳು ಡಬ್ಬಿ ನೋಡಿದಳು. ಮಸಿ ಹತ್ತಿದ ನನ್ನ ಕೈ ನೋಡಿದಳು. ಕೆಂಪು ಗಾಡಿ ನೋಡಿದಳು. ಈ ಹೊಗೆ ಯಾರದೆಂದು ಅವಳಿಗೆ ತಿಳಿಯಿತು. ಹಿಮದಲ್ಲಿ ನಿಂತೇ ಒಂದು ಕಡಬು ತಿಂದಳು. ಎರಡನೆಯದು ತಿಂದಳು. ಮೂರನೆಯದು ಅವಳ ಬಾಯಲ್ಲಿರುವಾಗ ಏಳಡಿ ಎತ್ತರದ ಅಗ್ನಿಶಾಮಕದವನೊಬ್ಬ ಹೊರಗೆ ಬಂದು ಹನ್ನೊಂದನೆಯ ಮಾಳಿಗೆಯಲ್ಲಿ ಅಡುಗೆ ಮಾಡುತ್ತಿದ್ದವರು ಯಾರು ಎಂದು ಕೇಳಿದ. ಶಾಲೆಯಲ್ಲಿ ಎಂದೂ ಕೈ ಎತ್ತದ ನಾನು ಅವತ್ತು ಎತ್ತಿದೆ.

ಯುನ್ ಮುಂದೆ ಹೋಗಿ ವಿಮಾನದ ಕಥೆ, ಸೂಟ್‌ಕೇಸಿನ ಕಥೆ ಎಲ್ಲ ಹೇಳಿದಳು. ಅವನು ಅವಳ ಕೈಯಿಂದ ಮನೆಯ ಕೀಲಿ ತೆಗೆದುಕೊಂಡು ತಿರುಗಿ ಮೆಟ್ಟಿಲು ಹತ್ತಿದ. ಲಿನ್ನವ್ವ ನಾಲ್ಕನೆಯ ಕಡಬು ಮುಗಿಸಿ ಬೆರಳು ಒರೆಸಿಕೊಳ್ಳುವಷ್ಟರಲ್ಲಿ ಸೂಟ್‌ಕೇಸನ್ನು ಹೆಗಲ ಮೇಲೆ ಹೊತ್ತು ಇಳಿದು ಬಂದ. ಗಾಡಿ ಹತ್ತು ಮಾರು ಹಿಂದೆ ಸರಿಯಿತು. ಟ್ಯಾಕ್ಸಿ ಒಳಗೆ ಬಂತು. ಲಿನ್ನವ್ವ ನಮ್ಮ ಹಾಗೆ ಕೈ ಮುಗಿದಳು, ನಾನು ಅವಳ ಹಾಗೆ ತಲೆ ಬಗ್ಗಿಸಿದೆ. ಆ ಪುಣ್ಯಾತ್ಮನ ಹೆಸರು ಕೇಳಬೇಕೆಂದು ತಿರುಗಿದರೆ ಅವನು ಆಗಲೇ ಗಾಡಿ ಹತ್ತಿದ್ದ. ಅವನ ಮಕ್ಕಳು ಮರಿ ತಂಪಾಗಿರಲಿ.

ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಶನಿವಾರ ಮಧ್ಯಾಹ್ನ ಬೇಳೆ ಬೇಯಿಸಲು ಕುಕ್ಕರಿಟ್ಟಿದ್ದೆ, ಯುನ್ ಬಂದಳು. ಜಯಶೀಲಾ ಪಕ್ಕದಲ್ಲಿ ಕೂತು ಕನ್ನಡ ಮಾಡತೊಡಗಿದಳು.

“ವಿಮಾನ ಸಿಕ್ತಂತ್ರಿ ಅತ್ತಿ. ಮುಟ್ಟ್ಯಾರಂತ. ಅಕ್ಕಾತಂಗಿ ಇಬ್ರೂ ರಾತ್ರಿಯೆಲ್ಲಾ ನಿಮ್ಮ ಕಥಿ ಮಾತಾಡಿ ನಕ್ಕಾರಂತ.”

“ನಗಲಿ ಬಿಡವ್ವ. ಕಡಬು ಗಂಟು ಬಿಚ್ಚಿತಲ್ಲ, ಸಾಕು.”

ಜಯಶೀಲಾ ನನ್ನ ಮುಖ ನೋಡಿದಳು. “ಅತ್ತಿ, ಅವತ್ತ ನೀವು ಕುಕ್ಕರ್ ಆರಸಾಕ ಎದ್ದು ಹೋದ ಮ್ಯಾಲೆ ಅವ್ರು ಏನ ಅಂದ್ರು, ಗೊತ್ತೈತೇನ್ರಿ?”

“ಏನಂದ್ಲು?”

“ಆದ್ರ ಇದು ಉತ್ತರದ ಮಂದಿ ನಂಬಿಕಿ, ನಾವು ಶಾಂಘಾಯಿನಾವ್ರು ಇದನ್ನ ನಂಬೂದಿಲ್ಲ ಅಂದ್ರು. ಇಪ್ಪತ್ತೆಂಟು ವರ್ಷ ರೈಲು ಹತ್ತುಮುಂದ ಅವ್ರು ಶಾವಿಗಿನ ತಿಂದು ಹತ್ತತಿದ್ರಂತ. ಅದ ಲಗೂನ ಬೇಯತಿತ್ತಂತ.”

ನಮ್ಮವರ ಪೇಪರು ಅಲುಗಾಡತೊಡಗಿತು. ನನ್ನ ನೆಟ್ಟಗಿನ ಕಿವಿಗಳು ಬಿಸಿಯಾದವು.

“ಹಂಗಾದ್ರ ಆ ಹಿಮದಾಗ ನಿಂತು ನಾಕು ಕಡಬು ಯಾಕ ತಿಂದ್ಲು?”

ಅದನ್ನು ಜಯಶೀಲಾ ಯುನ್‌ಗೆ ಕೇಳಿದಳು. ಉತ್ತರ ಬರುವಾಗ ಒಳಗೆ ಕುಕ್ಕರು ಕೂಗಿತು.

“ಶಾರದಾ, ಕುಕ್ಕರು” ಎಂದರು ನಮ್ಮವರು.

“ಕೂಗಲಿ ಬಿಡ್ರಿ. ನೀ ಹೇಳವ್ವ.”

“ನನ್ನ ಕಾಲಿಗೇನೂ ಆಗಿರಲಿಲ್ಲ, ಗಂಟು ಬಿದ್ದದ್ದು ಶಾರದವ್ವನ ಎದ್ಯಾಗ, ನಾ ತಿಂದ್ರ ಅದು ಬಿಚ್ಚತಿತ್ತು, ಅದಕ್ಕ ತಿಂದೆ, ಅಂತ ಹೇಳ್ಯಾರ.”

ಕುಕ್ಕರು ಎರಡನೆಯ ಸಲ ಕೂಗಿತು. ನಾನು ಏಳಲಿಲ್ಲ.

“ಇನ್ನೂ ಐತಿ” ಎಂದಳು ಜಯಶೀಲಾ, ನಗು ತಡೆಯಲಾರದೆ. “ಇಪ್ಪತ್ತೆಂಟು ವರ್ಷ ಮೈಕ್ ಹಿಡಕೊಂಡು ಇಳೀರಿ, ಇಳೀರಿ ಅಂತ ಒದರೀನಿ. ಒಂದ ಸ್ಟೇಷನ್ನಿನ್ಯಾಗ ಇಷ್ಟ ಮಂದಿನ್ನ ಇಳಿಸಾಕ ನನ್ನ ಕಡಿಂದ ಆಗಿರಲಿಲ್ಲ. ಶಾರದವ್ವ ಮೈಕಿಲ್ಲದ, ಒಂದ ಬಾಣಲ್ಯಾಗ ಇಳಿಸಿದ್ಲು, ಅಂದ್ರಂತ.”

ಮೂರನೆಯ ಸಲ, ನಾಲ್ಕನೆಯ ಸಲ ಕೂಗಿತು. ಯುನ್ ಮಾತು ಪೂರ್ತಿ ಮುಗಿಸಿ ಚಹಾ ಕಪ್ಪು ಕೆಳಗಿಟ್ಟ ಮೇಲೆ ನಾನು ಎದ್ದೆ. ಬೇಳೆ ಕರಗಿ ಗಂಜಿಯಾಗಿತ್ತು. ಬಾಲ್ಕನಿ ಬಾಗಿಲನ್ನು ಭುಜ ಕೊಟ್ಟು ಒಂದು ಗೇಣು ತೆರೆದು, ಸಣ್ಣ ಉರಿಯಲ್ಲಿ ಎಣ್ಣೆ ಇಟ್ಟು, ಸಾಸಿವೆ ಸಿಡಿಯುವುದನ್ನು ಕಾಯುತ್ತ ನಿಂತೆ.