ಗೋಡೆಯಾಚೆ ಮಾತು ನಿಲ್ಲಿಸಿದ ಟೂ-ಸ್ಟ್ರೋಕ್ ಯಂತ್ರಕ್ಕೆ

ಮಾನ್ಯ ಹುಲ್ಲು ಕತ್ತರಿಸುವ ಯಂತ್ರ ಮಹಾಶಯರೇ,

ಮಹಾರಾಷ್ಟ್ರದ ನಿಲಂಗಾದ ನಮ್ಮ ಹಿತ್ತಲಿನ ತಗಡಿನ ಛಪ್ಪರದಲ್ಲಿ ಗೋಣಿಚೀಲ ಹೊದ್ದು ವಿಶ್ರಮಿಸುತ್ತಿರುವ ತಮ್ಮ ಸನ್ನಿಧಿಗೆ, ಔರಾದಿನಿಂದ ಈ ಮನೆಗೆ ಸೊಸೆಯಾಗಿ ಬಂದ ವಿದ್ಯಾವತಿಯ ಶರಣು ಶರಣಾರ್ಥಿಗಳು. ನಾನು ಕ್ಷೇಮ. ತಮ್ಮ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಇಂದಿಗೆ ಹನ್ನೊಂದು ದಿನವಾದ್ದರಿಂದ ತಮ್ಮ ಕ್ಷೇಮ ಕೇಳುವ ಧೈರ್ಯ ನನಗಿಲ್ಲ.

ಮೊದಲು ಗುಣಗಾನ. ತಾವು ಟೂ-ಸ್ಟ್ರೋಕ್ ಮನೆತನದವರು. ಮೈ ಹಗುರ, ಓರೆ ಹಿಡಿದರೂ ತಲೆಕೆಳಗು ಮಾಡಿದರೂ ಬೇಸರವಿಲ್ಲ. ಆಯಿಲಿಗೆಂದು ಬೇರೆ ಹೊಟ್ಟೆ ಇಲ್ಲದ ಕಾರಣ ಅದನ್ನು ಪೆಟ್ರೋಲಿನಲ್ಲೇ ಬೆರೆಸಿ, ಮೊಮ್ಮಗಳ ಕೆಮ್ಮಿನ ಔಷಧಿಯ ಮುಚ್ಚಳದಿಂದ ಅಳೆದು ತಮಗೆ ಕುಡಿಸುತ್ತ ಬಂದೆ. ಪ್ರತಿಯಾಗಿ ತಾವು ಒಣಹಾಕಿದ ಸೀರೆಗಳಿಗೆಲ್ಲ ಹೊಗೆಯ ಅತ್ತರು ಪೂಸಿ, ಇಡೀ ಓಣಿಯ ನಿದ್ದೆ ಹಾರಿಸಿದಿರಿ.

ಆ ಗದ್ದಲವೇ ನನಗೆ ಬೇಕಾಗಿತ್ತು, ಸ್ವಾಮಿ. ತಾವು ಗುಡುಗಿದ ಕೂಡಲೇ ಗೋಡೆಯ ಆಚೆಯಿಂದ ನೆರೆಮನೆಯ ಮಾಣಿಕಬಾಯಿಯವರ ತಲೆ ಮೇಲೆದ್ದು, "ಬಂದ್ ಮಾಡವ್ವಾ ಅದನ್ನ, ಕಿವಿ ಕೆಪ್ಪ ಆದ್ವು!" ಎಂದು ಬೈಯುವರು; ನಾನು ತಮ್ಮನ್ನು ನಿಲ್ಲಿಸುವೆ; ಆಮೇಲೆ ಒಂದು ತಾಸು ನಮ್ಮ ಹರಟೆ. ಮನೆಯಲ್ಲಿ ಮರಾಠಿ, ಯಜಮಾನರ ಕಾಳಿನ ಅಂಗಡಿಯಲ್ಲಿ ಮರಾಠಿ, ಮೊಮ್ಮಗಳ ಶಾಲೆಯಲ್ಲೂ ಮರಾಠಿ. ಬಸವಕಲ್ಯಾಣದ ಕಡೆಯ ಆ ಹೆಂಗಸಿನೊಡನೆ ಮಾತ್ರ ನಾನು ಬಾಯ್ತುಂಬ ಕನ್ನಡ ಆಡುತ್ತೇನೆ.

ನಮ್ಮ ಓಣಿಯಲ್ಲಿ ಕೇಳಿ ಒಯ್ದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಹುಲ್ಲು ಕತ್ತರಿಸಲೆಂದು ತಮ್ಮನ್ನು ಕೇಳಿ ಒಯ್ದಿದ್ದ ಮಾಣಿಕಬಾಯಿ ಅದೇ ಮರ್ಯಾದೆಯನ್ನು ತಮಗೂ ಸಲ್ಲಿಸಿ, ಟ್ಯಾಂಕು ತುಂಬಿ ಕಳಿಸಿದರು. ತುಂಬಿದ್ದು ಅಪ್ಪಟ ಪೆಟ್ರೋಲು, ಆಯಿಲಿನ ಹನಿಯೂ ಇಲ್ಲದ್ದು. ಅರಿಯದ ನಾನು ಚಾಲೂ ಮಾಡುವ ಹಗ್ಗ ಎಳೆದೆ. ಕಾಲು ತಾಸಿನಲ್ಲಿ ತಾವು ಕಿರ್ರೆಂದು ಬಿಗಿದು ನಿಂತಿರಿ. ಕಾಸಾರಶಿರಸಿಯಿಂದ ಬಂದ ಮಿಸ್ತ್ರಿ ಸಂಜುಕುಮಾರ ತಮ್ಮ ಎದೆ ಬಿಚ್ಚಿ, "ಆಯಿಲ್ ಇಲ್ದೇ ಸುಟ್ಟದ ರೀ, ಖತಮ್!" ಎಂದು ಕೂಗಿ ಹೇಳಿದ್ದು ಗೋಡೆಯಾಚೆಗೂ ಕೇಳಿಸಿತು. ಅಂದಿನಿಂದ ಆ ತಲೆ ಮೇಲೆದ್ದಿಲ್ಲ. ಬಾಗಿಲಿಗೆ ಹೋಗಿ ಕರೆದರೆ, "ಕೆಲ್ಸ ಅದವ್ವಾ" ಎಂದು ಒಳಗಿನಿಂದಲೇ ಉತ್ತರ. ನನಗೆ ಬಹಳ ಬೇಜಾರಾಗಿದೆ.

ಈ ನಡುವೆ ಯಜಮಾನರು ಉದಗೀರಿನಿಂದ ಫೋರ್-ಸ್ಟ್ರೋಕ್ ಯಂತ್ರವೊಂದನ್ನು ತಂದಿದ್ದಾರೆ. ಅದಕ್ಕೆ ಆಯಿಲಿನ ಹೊಟ್ಟೆ ಬೇರೆ, ಪೆಟ್ರೋಲಿನ ಹೊಟ್ಟೆ ಬೇರೆ. ಕುಡಿಯುವುದು ಕಡಿಮೆ, ಹೊಗೆ ಇಲ್ಲವೆಂದರೂ ನಡೆದೀತು. ಭಾರಕ್ಕೆ ನನ್ನ ಹೆಗಲು ಹಿಡಿದುಕೊಂಡಿತೆಂಬುದು ಬಿಟ್ಟರೆ ಹೆಸರಿಡುವಂಥ ದೋಷವಿಲ್ಲ. ಆದರೆ ಅದರ ಸದ್ದು ಎಷ್ಟು ಸಭ್ಯವೆಂದರೆ ಗೋಡೆ ದಾಟುವುದೇ ಇಲ್ಲ. ಹುಲ್ಲೆಲ್ಲ ಕತ್ತರಿಸಿ ಮುಗಿಸಿದರೂ ಬೈಯಲು ಯಾರೂ ಬರಲಿಲ್ಲ!

ಆದುದರಿಂದ ತಾವು ದಯಮಾಡಿ, ಪಿಸ್ಟನ್ನಿನ ಹಂಗಿಲ್ಲದೆ, ಹಳೆಯ ಅಭ್ಯಾಸಬಲದಿಂದಲೇ ಒಂದೇ ಒಂದು ಸಲ ಗುಡುಗಬೇಕು. ಅದಾಗದಿದ್ದರೆ ತಮ್ಮ ಕಂಠವನ್ನು ಹೊಸಬರಿಗೆ ಎರವಲು ಕೊಡಬೇಕು. ಅದೂ ಆಗದಿದ್ದರೆ, ತಾವು ವಯೋಸಹಜವಾಗಿ ತೀರಿಕೊಂಡಿರಿ, ಇದರಲ್ಲಿ ಮಾಣಿಕಬಾಯಿಯವರ ತಪ್ಪೇನೂ ಇಲ್ಲ ಎಂದು ಬರೆದು, ಸೈಲೆನ್ಸರಿನ ಮಸಿಯಿಂದ ಹೆಬ್ಬೆಟ್ಟೊತ್ತಿ ಪ್ರಮಾಣಪತ್ರ ನೀಡಬೇಕಾಗಿ ಕೈಮುಗಿದು ಬೇಡುತ್ತೇನೆ.

ತಮ್ಮ ವಿಶ್ವಾಸಿ,
ವಿದ್ಯಾವತಿ

ತಾ.ಕ.: ಈ ಪತ್ರವನ್ನು ತಮ್ಮ ಹಿಡಿಕೆಗೆ ಕಟ್ಟುವಷ್ಟರಲ್ಲಿ ಮಾಣಿಕಬಾಯಿಯವರೇ ಬಂದರು. ಅವರ ಹಿತ್ತಲಲ್ಲಿ ಹುಲ್ಲು ಮತ್ತೆ ಎದ್ದಿದೆಯೆಂದು ಹೊಸ ಯಂತ್ರವನ್ನು ಒಯ್ದು, ಈಗ ತಾನೇ ತಂದು ಕೊಟ್ಟು, "ಈ ಸಲ ಮರ್ತಿಲ್ಲ ನೋಡವ್ವಾ, ಆಯಿಲ್ ಬರೋಬ್ಬರಿ ಕಲಸಿ ಟ್ಯಾಂಕ್ ತುಂಬೀನಿ!" ಎಂದರು. ಪೆಟ್ರೋಲಿಗೆ ಆಯಿಲು ಬೆರೆಸಲೇಬಾರದ ಯಂತ್ರವದು. ಗೊತ್ತಿದ್ದೂ ನಾನು ಅವರೆದುರಿಗೇ ಹಗ್ಗ ಎಳೆದೆ. ಪಾಪ, ಅದು ಕೆಮ್ಮಿತು, ಕಣ್ಣುರಿಯುವಷ್ಟು ಹೊಗೆ ಬಿಟ್ಟಿತು, ಆದರೂ ಓಡಿತು. ಮಾಣಿಕಬಾಯಿ ನಕ್ಕರು, ಎರಡು ಸಲ ಚಹಾ ಆಯಿತು. ನೆರೆಯವಳ ಮನಸ್ಸು ಉಳಿಸಲು ಅಷ್ಟು ನುಂಗಿಕೊಳ್ಳುವುದು ಮೊನ್ನೆ ಬಂದ ಆ ಯಂತ್ರಕ್ಕೆ ಸಾಧ್ಯವಾಯಿತು. ಏಳು ವರ್ಷ ನಮ್ಮ ಮನೆಯಲ್ಲಿದ್ದ ತಮಗೇಕೆ ಆಗಲಿಲ್ಲವೆಂದು ಪುರುಸೊತ್ತಿನಲ್ಲಿ ಯೋಚಿಸಬೇಕು.