ಅಂಜಲ್ ಪರೀಕ್ಷೆ

ಹೊಟ್ಟೆನೋವಿನ ಮುಂದೆ ಡಾಕ್ಟರ ಜಂಬ ಹೆಚ್ಚು ದಿನ ನಡೆಯುವುದಿಲ್ಲ. ಕಾಪುವಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ನನಗೆ ಇದು ಮತ್ತೆ ಮತ್ತೆ ಮನದಟ್ಟಾಗಿದೆ.

ಎಂಬತ್ತರ ದಶಕದ ಕೊನೆ. ಮಣಿಪಾಲಕ್ಕೆ ಸಿ.ಟಿ. ಸ್ಕ್ಯಾನ್ ಬಂದಿತ್ತು. ಅಪೆಂಡಿಕ್ಸ್ ಇರಬಹುದು ಎಂದರೆ ಸಾಕು, ಸ್ಕ್ಯಾನ್ ಮಾಡಿಸುವುದು ಬೇಡವಾ ಎಂದು ರೋಗಿಯ ಮನೆಯವರು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನದೇ ಒಂದು ಪರೀಕ್ಷೆ ಉಂಟಲ್ಲ! ಹೊಟ್ಟೆಯ ಬಲಭಾಗ ಒತ್ತಿ ನೋಡಿ, ಒಂದು ರುಚಿಯಾದ ತಿನಿಸಿನ ಹೆಸರು ಹೇಳುವುದು. ಅಪೆಂಡಿಕ್ಸ್ ಕೆಟ್ಟವರಿಗೆ ಸಾಮಾನ್ಯವಾಗಿ ಹಸಿವು ಇರುವುದಿಲ್ಲ. ಅಂಜಲ್ ಮೀನಿನ ಫ್ರೈ ಎಂದಾಗ ಮುಖ ಅರಳಿದರೆ ಮನೆಗೆ, ಮುಖ ತಿರುಗಿಸಿದರೆ ಆಪರೇಷನ್ ಥಿಯೇಟರಿಗೆ.

೧. ಗುಳ್ಳದವರು

ಮಟ್ಟುವಿನ ಕೃಷಿಕರೊಬ್ಬರು ಹೊಟ್ಟೆ ಹಿಡಿದುಕೊಂಡೇ ಬಂದರು. ನನಗೆಂದು ಒಂದು ಬುಟ್ಟಿ ಗುಳ್ಳ ಬದನೆಯನ್ನೂ ತಂದಿದ್ದರು. ಮೀನು ತಿನ್ನದವರು. ಹಾಗಾಗಿ ಇದೇ ಗುಳ್ಳದ ಸಾಂಬಾರು ಮಾಡಿ ಬಡಿಸಿದರೆ ಊಟ ಮಾಡುತ್ತೀರಾ ಎಂದು ಕೇಳಿದೆ. ಅವರು ಮುಖ ಕಿವುಚಿದರು. ಕೂಡಲೇ ಅಡ್ಮಿಟ್ ಮಾಡಿಸಿದೆ. ಮಧ್ಯಾಹ್ನ ವಾರ್ಡಿಗೆ ಹೋಗಿ ನೋಡಿದರೆ, ಪಕ್ಕದ ಹಾಸಿಗೆಯವರ ಗಂಜಿಯನ್ನು ಉಪ್ಪಿನಕಾಯಿಯೊಂದಿಗೆ ಮುಗಿಸುತ್ತಿದ್ದರು. ನೋವು ಎಲ್ಲಿ ಹೋಯಿತು ಎಂದೆ.

"ವಾಯು ಹೋಯಿತು ಡಾಕ್ಟ್ರೇ. ಮೂರು ತಿಂಗಳಿನಿಂದ ಮನೆಯಲ್ಲಿ ದಿನಾ ಗುಳ್ಳವೇ. ನಿಮಗೆ ಯಾಕೆ ತಂದದ್ದು ಅಂತ ಮಾಡಿದ್ದೀರಿ?"

೨. ಶಿರ್ವದ ದಂಪತಿ

ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಶಿರ್ವದ ಕ್ರಿಶ್ಚಿಯನ್ ಒಬ್ಬರಿಗೆ ಬಲಬದಿಯಲ್ಲಿ ವಿಪರೀತ ನೋವು. ನಾನು ಜಾಣತನ ತೋರಿಸಿ, ಹಂದಿ ಮಾಂಸದ ಸಾರು ಕೊಟ್ಟರೆ ತಿನ್ನುತ್ತೀರಾ ಎಂದೆ. ಬೇಡ ಎಂದು ಖಡಾಖಂಡಿತವಾಗಿ ತಲೆಯಾಡಿಸಿದರು. ಥಿಯೇಟರ್ ಸಜ್ಜಾಯಿತು. ಬ್ಲೇಡ್ ಹಾಕುವುದಕ್ಕೆ ಹತ್ತೇ ನಿಮಿಷ ಇರುವಾಗ, ಇದು ಅಪೆಂಡಿಕ್ಸೇ ಎಂದು ಹೇಗೆ ಗೊತ್ತಾಯಿತು ಎಂದು ಅವರ ಹೆಂಡತಿ ಕೇಳಿದರು. ನಾನು ಹೆಮ್ಮೆಯಿಂದ ವಿವರಿಸಿದೆ. ಆಕೆ ನನ್ನನ್ನೇ ನೋಡಿದರು.

"ಡಾಕ್ಟ್ರೇ, ಈಸ್ಟರಿಗೆ ಇನ್ನೂ ನಾಲ್ಕು ದಿನ ಉಂಟು. ಈ ಉಪವಾಸದ ವಾರ ನಮ್ಮಲ್ಲಿ ಯಾರು ಮಾಂಸ ತಿನ್ನುತ್ತಾರೆ?"

ಥಿಯೇಟರ್ ರದ್ದು ಮಾಡಿ ಅವರನ್ನು ಮಣಿಪಾಲಕ್ಕೆ ಕಳುಹಿಸಿದೆ. ಸ್ಕ್ಯಾನಿನಲ್ಲಿ ಅಪೆಂಡಿಕ್ಸ್ ಸುಖವಾಗಿತ್ತು, ಮೂತ್ರನಾಳದಲ್ಲಿ ಕಲ್ಲು ಇತ್ತು. ಆ ಫಿಲ್ಮನ್ನು ಅವರು ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದಾರಂತೆ. ಬಂದವರಿಗೆಲ್ಲ ನನ್ನ ಹೆಸರನ್ನೂ ಹೇಳುತ್ತಾರಂತೆ.

೩. ನಾನೇ

ಮರುವರ್ಷ ಒಂದು ಬೆಳಿಗ್ಗೆ ನನಗೇ ಹೊಕ್ಕುಳ ಸುತ್ತ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಅದು ಬಲಕ್ಕೆ ಇಳಿಯಿತು. ಇಳಿದದ್ದು ಎಲ್ಲಿಗೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಜ ಹೇಳುತ್ತೇನೆ, ನೂರಾರು ಹೊಟ್ಟೆ ಕೊಯ್ದ ನನಗೆ ಆ ದಿನ ಕತ್ತಿಯೆಂದರೆ ಹೆದರಿಕೆಯಾಯಿತು.

ಡ್ಯೂಟಿಯಲ್ಲಿದ್ದದ್ದು ನನ್ನ ಕೈಕೆಳಗೆ ಪಳಗಿದ ಕಾರ್ಕಳದ ಡಾಕ್ಟರಮ್ಮ. ಅವರು ಹೊಟ್ಟೆ ಒತ್ತಿದಾಗ ನಾನು ಹಲ್ಲು ಕಚ್ಚಿಕೊಂಡು, ಮಣಿಪಾಲಕ್ಕೆ ಹೋಗಿ ಒಂದು ಸ್ಕ್ಯಾನ್ ಮಾಡಿಸಿಕೊಳ್ಳುತ್ತೇನೆ ಎಂದೆ. ಅವರು ನಗಲಿಲ್ಲ.

"ಸರ್, ಅಂಜಲ್ ಫ್ರೈ ತಿನ್ನುತ್ತೀರಾ?"

"ಎರಡು ತುಂಡು ತರಿಸಿ," ಎಂದೆ. ಬದುಕಿದೆ ಅಂದುಕೊಂಡೆ.

ಆಕೆ ನಿಜವಾಗಿಯೂ ತರಿಸಿದರು. ಎದುರಿನ ಹೋಟೆಲಿನಿಂದ, ಬಿಸಿಬಿಸಿ, ಮೇಲೆ ಈರುಳ್ಳಿ, ನಿಂಬೆಹಣ್ಣು. ತಟ್ಟೆ ಮೂಗಿನ ಹತ್ತಿರ ಬಂದದ್ದೇ ತಡ, ನಾನು ಗೋಡೆಯ ಕಡೆಗೆ ಮುಖ ತಿರುಗಿಸಿದೆ. ಥಿಯೇಟರ್ ರೆಡಿ ಮಾಡಿ ಎಂದು ಆಕೆ ಸಿಸ್ಟರಿಗೆ ಹೇಳಿದ್ದು ಕೇಳಿಸಿತು.

ಎಚ್ಚರವಾದಾಗ ಆಕೆ ಪಕ್ಕದಲ್ಲೇ ಕುಳಿತಿದ್ದರು. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತಂತೆ, ಮಣಿಪಾಲ ಎಂದು ಕಾದಿದ್ದರೆ ಕಷ್ಟವಿತ್ತಂತೆ. ನನಗೆ ಕಣ್ಣು ತುಂಬಿ ಬಂತು. ಹೇಗೆ ಕೃತಜ್ಞತೆ ಹೇಳಬೇಕೆಂದು ತೋಚದೆ, ಆ ಮೀನು ಎಂತ ಆಯಿತು ಎಂದು ಕೇಳಿದೆ.

"ಆಪರೇಷನ್ ಮುಗಿಸಿ ನಾನೇ ತಿಂದೆ ಸರ್," ಎಂದರು. "ನನ್ನ ಅಪೆಂಡಿಕ್ಸ್ ಸರಿ ಉಂಟು."